ಕೆಂಪಾಗದ ಮುಖ

ಆಗಸ್ಟ್ 24, 2025, ಭಾನುವಾರ. ಬೆಳಿಗ್ಗೆ 11

ಶ್ರೀಮದ್ರಾಜಾಧಿರಾಜ, ಇನ್ನೂರು ಪುಟ ಪರಾಕ್ರಮಿ, ಸಿಂಗಲ್ ರೂಲ್ಡ್ ಕುಲತಿಲಕ, ನನ್ನ ಹಾಸಿಗೆಯಡಿ ಗುಪ್ತವಾಸ ಮಾಡುತ್ತಿರುವ ನೋಟ್‌ಬುಕ್ ಮಹಾಸ್ವಾಮಿಗಳ ಸನ್ನಿಧಾನಕ್ಕೆ — ಮೈಸೂರು ವಿಜಯನಗರದ ನಿವಾಸಿ, ಬಿ.ಕಾಂ.ನಲ್ಲಿ ಎರಡು ಸಬ್ಜೆಕ್ಟ್ ಉಳಿಸಿಕೊಂಡಿರುವ ಲಿಖಿತನ ದೀರ್ಘದಂಡ ನಮಸ್ಕಾರ. ವರದಿ ಹೀಗಿದೆ.

ನಿನ್ನೆ ಮಧ್ಯಾಹ್ನ ಅಭಿಲಾಷನ ರೂಮಿನಲ್ಲಿ ಅವನ ಬರ್ತ್‌ಡೇ. ನನ್ನಣ್ಣ ಸ್ವರೂಪ್ ಅರ್ಧ ಗ್ಲಾಸ್ ಬಿಯರ್ ಕುಡಿದ. ಐದೇ ನಿಮಿಷ — ಮುಖ, ಕಿವಿ, ಕತ್ತು ಎಲ್ಲ ಕೆಂಪು. ಆಮೇಲೆ ವಾಂತಿ. ನಾನು ನಾಲ್ಕು ಬಾಟಲಿ ಮುಗಿಸಿ, ಟೈಲ್ಸಿನ ಗೆರೆ ಮೇಲೆ ಒಂಟಿಕಾಲಲ್ಲಿ ಕುಂಟಿ ತೋರಿಸಿದೆ. ಸಭೆ ‘ಟ್ಯಾಂಕರ್’ ಎಂಬ ಬಿರುದು ದಯಪಾಲಿಸಿತು.

ಒಂದು ದೂರು. ಎಲ್ಲರೂ ಸ್ವರೂಪನ ಬೆನ್ನು ಸವರಿದರು. ಮಜ್ಜಿಗೆ ತಂದರು. ಅಭಿಲಾಷ್ ತನ್ನ ದಿಂಬನ್ನೇ ಕೊಟ್ಟ. ಗೆದ್ದವನಿಗೆ ಒಂದು ಲೋಟ ನೀರೂ ಇಲ್ಲ. ದಾಖಲಿಸಿಕೊಳ್ಳತಕ್ಕದ್ದು.

ಆಗಸ್ಟ್ 30, ಶನಿವಾರ. ಸಂಜೆ

ಅಪ್ಪ ಹೋಗಿ ಮೂರು ವರ್ಷ. ಕುಡಿತ, ಲಿವರ್. ನಲವತ್ತೇಳನೇ ವಯಸ್ಸಿಗೆ. ಆ ಹಳೇ ಫೈಲ್ ನೋಡಿ ಆಸ್ಪತ್ರೆಯಿಂದ ಲಾಸ್ಯ ಎನ್ನುವವರು ಅಮ್ಮನಿಗೆ ಫೋನ್ ಮಾಡಿದ್ದರು. ಕುಡಿತದ ಚಟವಿದ್ದವರ ಮಕ್ಕಳ ಜೀನ್ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದಾರಂತೆ. ನಮ್ಮಿಬ್ಬರ ಎಂಜಲು ಬೇಕಂತೆ. ವಿಜ್ಞಾನಕ್ಕೆ ನನ್ನ ಎಂಜಲು! ತಲೆ ಬಾಚಿಕೊಂಡು ಹೋದೆ.

ಟ್ಯೂಬಿಗೆ ಉಗುಳಿದ್ದಾಯಿತು. ಆಮೇಲೆ ಪ್ರಶ್ನೆಗಳು. ಸ್ವರೂಪ್ ಕೆಂಪಾಗುವ ಕಥೆ ಹೇಳಿದ್ದೇ ತಡ, ಮೇಡಂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಎಷ್ಟು ಹೊತ್ತಿಗೆ? ಕಿವಿನೂ ಕೆಂಪಾ? ಎದೆ ಬಡ್ಕೊಳ್ಳುತ್ತಾ? ಇಪ್ಪತ್ತು ನಿಮಿಷ ಬರೀ ಅವನೇ. ನಾನು ಫ್ಯಾನಿನ ರೆಕ್ಕೆ ಎಣಿಸಿದೆ. ಮೂರು.

ಕೊನೆಗೆ ನನ್ನ ಸರದಿ. “ನಿಮಗೆ ಎಷ್ಟು ಕುಡಿದ್ರೆ ಏರಿದ್ದು ಗೊತ್ತಾಗತ್ತೆ?”

“ಐದು ಬಾಟ್ಲಿ, ಮೇಡಂ. ಅದೂ ನಾನು ಮನಸ್ಸು ಮಾಡಿದ್ರೆ.”

ನಗಲಿಲ್ಲ. ಪೆನ್ ನಿಂತಿತು. “ಶುರುವಿಂದಾನೂ ಹೀಗೇನಾ?”

“ಹ್ಞೂಂ. ಹುಟ್ಟುಪ್ರತಿಭೆ.”

“ನಿಮ್ಮಣ್ಣನ ಮೈ ಅರ್ಧ ಗ್ಲಾಸಿಗೇ ಬೇಡ ಅನ್ನತ್ತೆ ಲಿಖಿತ್. ಅಂಥವರು ಚಟಕ್ಕೆ ಬೀಳೋದು ಕಮ್ಮಿ. ನಿಮ್ಮ ಮೈ ಬೇಡ ಅನ್ನಲ್ಲ. ತಂದೆಗೆ ಚಟ ಇದ್ದು, ತನಗೆ ಕುಡಿದಿದ್ದೇ ಗೊತ್ತಾಗಲ್ಲ ಅನ್ನೋರು ಜಾಸ್ತಿ ಹುಷಾರಾಗಿರಬೇಕು.”

“ಹಣೇಬರಹಾನಾ ಮೇಡಂ?”

“ಅಲ್ಲ ಕಣ್ರೀ. ಇಳಿಜಾರು, ಅಷ್ಟೆ. ಇಳೀಲೇಬೇಕು ಅಂತೇನಿಲ್ಲ.”

ಒಬ್ಬೊಬ್ಬರ ರಿಪೋರ್ಟ್ ಕೊಡುವುದಿಲ್ಲವಂತೆ. ಏನಾದರೂ ಅನಿಸಿದರೆ ಫೋನ್ ಮಾಡಿ ಎಂದು ನಂಬರ್ ಬರೆದುಕೊಟ್ಟರು — ಸ್ವರೂಪನ ಕೈಗೆ.

ಬಸ್ಸಿನಲ್ಲಿ ಶಪಥ ಮಾಡಿದೆ. ಇನ್ನು ಒಂದು ತೊಟ್ಟೂ ಇಲ್ಲ. ಸಾಕ್ಷಿ: ಕಂಡಕ್ಟರ್. (ಅವರಿಗೆ ತಿಳಿದಿಲ್ಲ.)

ಸೆಪ್ಟೆಂಬರ್ 2, ಮಂಗಳವಾರ

ಒಂದೇ ಹೊಟ್ಟೆ, ಒಬ್ಬನೇ ಅಪ್ಪ. ಸ್ವರೂಪನಿಗೆ ಅಪ್ಪನ ಮೂಗು, ಅಪ್ಪನ ಬೈಕು, ಮೇಲೆ ವಾಂತಿ ಮಾಡುವ ಭಾಗ್ಯ. ನನಗೆ...? ಇನ್ನೊಬ್ಬನ ವಾಂತಿ ಕಂಡು ಹೊಟ್ಟೆ ಉರಿದುಕೊಂಡ ಮೊದಲ ಮನುಷ್ಯ ನಾನೇ ಇರಬೇಕು.

ನ್ಯಾಯ ದೊರಕಿಸಲು ಆಸ್ಪತ್ರೆಯ ಹೆಸರಲ್ಲಿ ಒಂದು ರಿಪೋರ್ಟ್ ತಯಾರಿಸಿದೆ. ಸೀಲು ಸಮೇತ. ‘ಸ್ವರೂಪ್: ತಂದೆಯ ಜೀನ್ ಪೂರ್ತಿ ಬಂದಿದೆ. ಲಿಖಿತ್: ಪರಿಶುದ್ಧ.’ ಕವರಿಗೆ ಹಾಕಿ ಅವನ ಹೆಲ್ಮೆಟ್ಟಿನೊಳಗಿಟ್ಟು, ಬಾಗಿಲ ಸಂದಿಯಲ್ಲಿ ನಿಂತೆ. ಎರಡು ಸಲ ಓದಿದ. ಹೆದರಲಿ. ಅಳಲಿ. ಒಂದೇ ಒಂದು ಸಂಜೆ ನಾನಾಗಿರಲಿ.

“ಲೇ ಲಿಖಿ, ಬಾರೋ ಇಲ್ಲಿ. ಕೊಡಲ್ಲ ಅಂದಿದ್ರು, ಪಾಪ ಕಳಿಸ್ಬುಟ್ಟವ್ರೆ ಕಣೋ.” ಹೆಗಲ ಮೇಲೆ ಕೈ ಹಾಕಿದ. “ಸದ್ಯ, ನಿಂಗೆ ಬರ್ಲಿಲ್ವಲ್ಲ. ಅಷ್ಟು ಸಾಕು ಬುಡು.”

ತಮಾಷೆ ಕಣೋ ಎನ್ನಲು ಬಾಯಿ ಬರಲಿಲ್ಲ. ಒಳ್ಳೆಯತನವೂ ಅವನ ಪಾಲಿಗೇ ಹೋಗಬೇಕಾ?

ಸೆಪ್ಟೆಂಬರ್ 18, ಗುರುವಾರ

ಹದಿನಾರು ದಿನ ಏನೂ ಬರೆಯಲಿಲ್ಲ. ಏನೂ ಕುಡಿಯಲೂ ಇಲ್ಲ. ಅಭಿಲಾಷ್ ಎರಡು ಸಲ ಫೋನ್ ಮಾಡಿದ — “ಏನ್ಲಾ, ಟ್ಯಾಂಕರ್ ಖಾಲಿ ನಿಂತೈತೆ?” ಎತ್ತುವುದನ್ನೇ ಬಿಟ್ಟೆ.

ಸ್ವರೂಪನೂ ಕುಡಿಯುವುದಿಲ್ಲ. ಅವನಿಗೆ ಕಷ್ಟವೇ ಇಲ್ಲ, ಶಿಳ್ಳೆ ಹಾಕಿಕೊಂಡು ಬೈಕ್ ತೊಳೆಯುತ್ತಾನೆ. ನನಗೆ ಸಂಜೆ ಆರಾದರೆ ಕೈಗೆ ಏನು ಕೆಲಸ ಕೊಡುವುದೋ ತಿಳಿಯದು. ಇವತ್ತು ಕಾಲು ಕೆ.ಜಿ. ಬೆಳ್ಳುಳ್ಳಿ ಸುಲಿದೆ. ಅಮ್ಮ ಬಂದು ಹಣೆ ಮುಟ್ಟಿ ನೋಡಿದಳು, ಜ್ವರವೇನೋ ಅಂತ.

ಸೆಪ್ಟೆಂಬರ್ 21, ಭಾನುವಾರ. ಇಲವಾಲ, ಮಧ್ಯಾಹ್ನ 3

ಮಹಾಲಯ ಅಮಾವಾಸ್ಯೆ. ಅಜ್ಜಿ ಮನೆಯಲ್ಲಿ ಅಪ್ಪನಿಗೆ ಎಡೆ ಇಟ್ಟೆವು. ಫೋಟೋ ಮುಂದೆ ಹೊಸ ಪಂಚೆ, ಮುದ್ದೆ, ಮಟನ್ ಸಾರು, ಒಂದು ಕಟ್ಟು ಬೀಡಿ. ಜೊತೆಗೆ, ಪ್ರತಿ ವರ್ಷದಂತೆ, ಅಪ್ಪ ಕುಡಿಯುತ್ತಿದ್ದ ಅದೇ ಬ್ರಾಂದಿ. ಅರ್ಧ ಲೋಟಕ್ಕೆ ಬಗ್ಗಿಸಿ, ಉಳಿದರ್ಧ ಬಾಟಲಿಯಲ್ಲೇ ಪಕ್ಕಕ್ಕೆ.

“ಅದೇ ಅವರನ್ನ ತಿಂದಿದ್ದು ಅತ್ತೆ,” ಅಂದಳು ಅಮ್ಮ. “ಮತ್ತೆ ಅದನ್ನೇ ಇಡ್ತೀರಲ್ಲ.”

“ಬದುಕಿದ್ದಾಗ ಬೋ ಬೈದ್ಬುಟ್ಟೆ ಕಣಮ್ಮ,” ಅಂದಳು ಕೆಂಚಮ್ಮಜ್ಜಿ. “ಇವತ್ತೊಂದಿನ ನೆಮ್ದಿಯಾಗಿ ಕುಡೀಲಿ, ಬುಡು.”

ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದೆವು. ಅಲ್ಲಲ್ಲಿ ಚದುರಿದೆವು. ಕಾಲು ಗಂಟೆ ಬಿಟ್ಟು ತೆಗೆದರೆ ಲೋಟ ಇಳಿದಿತ್ತು.

“ಬಂದಿದ್ದ ಕಣ್ರೋ! ನನ್ ಮಾದೇವು ಬಂದಿದ್ದ!” ಅಜ್ಜಿ ಅಳುತ್ತಲೇ ನಗುತ್ತಾ ಫೋಟೋದ ಕೆನ್ನೆ ಸವರಿದಳು.

ಅಮ್ಮ ಹಿತ್ತಲ ಬಾಗಿಲು ನೋಡಿದಳು. ಚಿಲಕ ತೆಗೆದಿತ್ತು. ನಮ್ಮಿಬ್ಬರನ್ನೂ ಕೊಟ್ಟಿಗೆ ಹತ್ತಿರ ಕರೆದಳು. “ಯಾರು?”

“ನಾನೇ ಅಮ್ಮ.” ನಾನು ಬಾಯಿ ತೆರೆಯುವ ಮೊದಲೇ ಸ್ವರೂಪ್ ಅಂದ. “ಅಪ್ಪಂದು ನಂಗೇ ಬಂದಿರೋದು. ರಿಪೋರ್ಟ್ ಐತೆ. ಇವನನ್ನ ಬೈಬೇಡ.”

ಅಮ್ಮ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಮುಖ, ಕಿವಿ, ಕತ್ತು. ಒಂದು ಚೂರೂ ಕೆಂಪಿಲ್ಲ. ಅವನ ಮೈಗೆ ಸುಳ್ಳು ಹೇಳುವುದಕ್ಕೂ ಬರುವುದಿಲ್ಲ.

ನನ್ನ ಮುಖ ನೋಡಲಿಲ್ಲ. ನೋಡಿದರೂ ಅಲ್ಲೇನೂ ಕಾಣುವುದಿಲ್ಲ ಎಂದು ಅವಳಿಗೆ ಗೊತ್ತು — ಇಪ್ಪತ್ತು ವರ್ಷ ಅಪ್ಪನ ಮುಖ ನೋಡಿದವಳು. “ಊಟಕ್ಕೆ ಬನ್ನಿ,” ಎಂದು ಹೋದಳು.

ಅಟ್ಟದಲ್ಲಿ ಕೂತು ಬರೆಯುತ್ತಿದ್ದೇನೆ. ಇದು ಅಜ್ಜಿಯ ಸಂತೋಷಾರ್ಥ ನಡೆಸಿದ ಮಹಾ ಕುಚೇಷ್ಟೆ, ಇಪ್ಪತ್ತೆರಡು ದಿನದ ವ್ರತ ಒಂದು ಪುಣ್ಯಕಾರ್ಯಕ್ಕಾಗಿ ಭಂಗವಾಯಿತು ಎಂದು ಸನ್ನಿಧಾನದಲ್ಲಿ ದಾಖಲಿಸಲು ಹೊರಟಿದ್ದೆ.

ಕೆಳಗಿನಿಂದ ಸ್ವರೂಪ್ ಕೂಗುತ್ತಿದ್ದಾನೆ. “ಬಾರೋ ಲಿಖಿ, ಅಜ್ಜಿ ಎಲ್ರಿಗೂ ಅಪ್ಪನ ಪ್ರಸಾದ ಅಂತ ಬಾಟ್ಲಿಯಿಂದ ಒಂದೊಂದು ತೊಟ್ಟು ಹಾಕ್ತಾವ್ಳೆ!”

ಅಜ್ಜಿಯನ್ನು ನಗಿಸಲು ಲೋಟದಿಂದ ಒಂದು ಗುಟುಕು ಸಾಕಿತ್ತು. ಬಾಟಲಿಯಲ್ಲಿ ಈಗಿರುವುದು ಟೀ ಡಿಕಾಕ್ಷನ್. ಬೆಳಿಗ್ಗೆ ಎದ್ದ ತಕ್ಷಣ, ವಿಜಯನಗರದಲ್ಲೇ, ಯಾರೂ ಏಳುವ ಮೊದಲು ಕಾಯಿಸಿ, ಸೋಸಿ, ಬಣ್ಣ ಸರಿಯಾಗುವವರೆಗೂ ನೀರು ಬೆರೆಸಿ, ಬ್ಯಾಗಿನಲ್ಲಿ ಬಚ್ಚಿಟ್ಟು ತಂದದ್ದು.