ಹಿಂದಕ್ಕೆ ಮುಖ ಮಾಡಿ ಕೂತವನಿಗೆ

ನನ್ನಪ್ಪನಿಗೆ, ಬಂಗಾರಪೇಟೆಯಿಂದ ನಿನ್ನ ರತ್ನ.

ಕ್ಯಾಸಂಬಳ್ಳಿಯಿಂದ ರಾಬರ್ಟ್‌ಸನ್‌ಪೇಟೆಗೆ ಹೋಗುವ ಬಸ್ಸಿನಲ್ಲಿ ನಿನಗೆ ಯಾವತ್ತೂ ಹಿಂದಕ್ಕೆ ಮುಖ ಮಾಡಿದ ಸೀಟೇ ಬೇಕಿತ್ತಲ್ಲ, ಇವತ್ತು ಅದೇ ನೆನಪಾಗುತ್ತಿದೆ. ಅಲ್ಲಿ ಕೂತರೆ ನನಗೆ ವಾಂತಿ ಬರುತ್ತಿತ್ತು. ನೀನು ಮಾತ್ರ ಆರಾಮಾಗಿ ಕೂತು, "ಯುದ್ಧ ಪೂರ್ತಿ ಇಂಗೇ ಕೂತಿದ್ದೆ ಕಣೇ" ಅನ್ನುತ್ತಿದ್ದೆ. ಬಾಂಬರ್ ವಿಮಾನದಲ್ಲಿ ಪೈಲಟ್ ಮುಂದೆ, ಗನ್ನರ್ ಆಗಿದ್ದ ನೀನು ಅವನ ಬೆನ್ನಿಗೆ, ಬಾಲದ ಕಡೆ ತಿರುಗಿ. ಬಾಂಬು ಹಾಕಲು ವಿಮಾನ ನೆಲಕ್ಕೆ ಧುಮುಕುವಾಗ ನಿನಗೆ ಕಾಣುತ್ತಿದ್ದದ್ದು ಬರೀ ಆಕಾಶವಂತೆ. ಹೆದರಿಕೆ ಆಗುತ್ತಿರಲಿಲ್ಲವಾ ಅಂತ ಕೇಳಿದ್ದೆ.

"ಆಗ್ದೆ ಇರ್ತದಾ? ಆದ್ರೆ ನಾನು ಕಣ್ ಮುಚ್ಕೊಂಡ್ರೆ ಇಂದ್ಗಡೆ ಏನ್ ಬತ್ತೈತೆ ಅಂತ ಯೋಳೋರ್ಯಾರು?"

ನೀನು ಊರಿಗೆ ಬಂದ ದಿನದ ಕಥೆ ಅಮ್ಮ ಎಷ್ಟು ಸಲ ಹೇಳಿದ್ದಾಳೋ! ವಿಮಾನ ಬರ್ಮಾದ ಕಾಡಿಗೆ ಬಿದ್ದು, ಪೈಲಟ್ ಅಲ್ಲೇ ಹೋಗಿ, ನೀನೊಬ್ಬನೇ ಕುಂಟಿಕೊಂಡು... ಆ ಭಾಗವನ್ನು ನೀನು ಯಾರಿಗೂ ಪೂರ್ತಿ ಹೇಳಲಿಲ್ಲ. ಕಾಣೆಯಾಗಿದ್ದೀಯ ಅಂತ ತಂತಿ ಬಂದ ಮೇಲೆ ದೊಡ್ಡಪ್ಪ ನಾಲ್ಕು ತಿಂಗಳು ಕಾದು, ದರ್ಭೆಯಲ್ಲಿ ನಿನ್ನ ಗೊಂಬೆ ಮಾಡಿಸಿ ಸುಟ್ಟು, ಹತ್ತನೇ ದಿನ ಅಮ್ಮನ ಬಳೆ ಒಡೆಸಿಬಿಟ್ಟಿದ್ದರು. ನೀನು ಬಂಗಾರಪೇಟೆಯಲ್ಲಿ ರೈಲಿಳಿದು ನಡೆದುಕೊಂಡು ಬಂದರೆ, ಕರ್ಮ ಆದವನು ಮುಂಬಾಗಿಲಲ್ಲಿ ಬರಬಾರದು ಅಂತ ಅಡ್ಡ ನಿಂತರಂತೆ.

"ಕೊಟ್ಟಿಗೆ ಕಡೆಯಿಂದ ಬಾರ್ಲಾ, ನೀರು ಉಯ್ದು ಒಳಕ್ಕೆ ಕರ್ಕೊಂತೀವಿ."

"ನಾನ್ ಸತ್ತಿಲ್ಲ ಕಣಣ್ಣೋ. ನನ್ ಮನೆಗೆ ನಾನು ಮುಂಬಾಗ್ಲಿಂದ್ಲೇ ಬತ್ತೀನಿ."

ಬಂದೆ. ಮಾರನೇ ದಿನವೇ ರಾಬರ್ಟ್‌ಸನ್‌ಪೇಟೆಗೆ ಹೋಗಿ ಹಸಿರು ಗಾಜಿನ ಬಳೆ ತಂದು, ಊರೆಲ್ಲ ನೋಡುತ್ತಿರುವಾಗ ಜಗಲಿಯ ಮೇಲೆ ಅಮ್ಮನಿಗೆ ನೀನೇ ತೊಡಿಸಿದೆ. ಎರಡು ಒಡೆದವಂತೆ. ಬಂದೂಕು ಹಿಡಿದ ಕೈಗೆ ಬಳೆ ತೊಡಿಸೋಕೆ ಬರೋದಿಲ್ಲ ಅಂತ ಅಮ್ಮ ಸಾಯುವ ತನಕ ನಗುತ್ತಿದ್ದಳು.

ನೀನು ನಿಜವಾಗಿ ಹೋದಾಗ ಏನಾಯಿತು ಗೊತ್ತಾ? ಹೆಂಗಸರು ಅಮ್ಮನ ಕೈ ಹಿಡಿಯಲು ಬಂದರು. ಅಮ್ಮ ಕೈ ಕಿತ್ತುಕೊಂಡು, "ಆವತ್ತೇ ಒಡ್ದಿದ್ದೀರಲ್ಲ. ಒಂದ್ ಸಾವಿಗೆ ಎಷ್ಟ್ ಸಲ ಒಡೀತೀರಾ?" ಅಂದಳು. ಆ ಬಳೆ ಹಾಕಿಕೊಂಡೇ ಹನ್ನೊಂದು ವರ್ಷ ಬದುಕಿದಳು ನಿನ್ನ ಹೆಂಡತಿ.

ಈಗ ನನ್ನ ಸರದಿ ಅಪ್ಪಾ. ನಿನ್ನ ಅಳಿಯ ಹೋಗಿ ಇವತ್ತಿಗೆ ಒಂಬತ್ತು ದಿನ. ನಾಳೆ ಹತ್ತು. ಅಮ್ಮನಿಗಿದ್ದ ನೆಪ ನನಗಿಲ್ಲ. ನನ್ನ ಗಂಡ ಒಂದೇ ಸಲ, ನನ್ನ ಕಣ್ಣೆದುರಿಗೇ ಸತ್ತರು. ಆದರೂ ಅವರು ಯುಗಾದಿಗೆ ತಂದುಕೊಟ್ಟ ಬಳೆಯನ್ನು ಕಲ್ಲಿಗೆ ಕುಟ್ಟಿಸಿಕೊಳ್ಳಲು ಕೈ ಚಾಚಲೇ? ಬೆಳಿಗ್ಗೆ ನಾದಿನಿ ಜಯಮ್ಮನಿಗೆ ಹೇಳಿಬಿಟ್ಟೆ, ನಾನು ಕೈ ಕೊಡೋದಿಲ್ಲ ಅಂತ.

"ನಮ್ಮೋರೆಲ್ಲ ಬತ್ತಾರೆ, ಅವ್ರ ಮುಂದೆ ಮಾನ ಕಳೀತೀಯೇನಕ್ಕಾ?" ಅಂತ ಅತ್ತಳು. ಅವಳ ಬಳೆ ಒಡೆದು ಆರು ವರ್ಷವಾಯಿತು. ನಾನೂ ಅಲ್ಲೇ ಇದ್ದೆ ಅಪ್ಪಾ. ಅವಳ ಎಡಗೈ ಹಿಡಿದುಕೊಂಡಿದ್ದವಳು ನಾನೇ, ಕಣ್ಣು ಮುಚ್ಚಿಕೊಂಡು. ಕಣ್ಣು ಮುಚ್ಚಿದ್ದನ್ನು ಯಾರಿಗೂ ಹೇಳಿರಲಿಲ್ಲ.

ನಾಳೆ ನನ್ನ ಹಿಂದೆ ಸೊಸೆ ನಿಂತಿರುತ್ತಾಳೆ, ಮೊಮ್ಮಗಳು ನಿಂತಿರುತ್ತಾಳೆ. ಕರ್ಮ ಮುಗಿಸಿ ಬಳೆ ಹಾಕಿಕೊಂಡೇ ಮುಂಬಾಗಿಲಿಂದ ಒಳಗೆ ಬರುತ್ತೇನೆ. ಸಂಜೆ ಇನ್ನೊಂದು ಡಜನ್ ಬಳೆ ತಂದು ಜಯಮ್ಮನ ಮುಂದೆ ಇಡುತ್ತೇನೆ, ಅವಳು ಬೈದರೂ ಸರಿ.

ಹೆದರಿಕೆ ಆಗುತ್ತಿದೆ ಅಪ್ಪಾ. ಆದರೆ ಈ ಸಲ ಕಣ್ಣು ಮುಚ್ಚುವುದಿಲ್ಲ.