ಬೆಕ್ಕು ಮಾರಾಟಕ್ಕಿಲ್ಲ

ಮಾತು ಬಿಟ್ಟವಳೇ,

ನಾವಿಬ್ಬರೂ ಸೇರಿ ಕಟ್ಟಿದ ಪ್ರಾಣಿಗಳ ಕ್ಲಿನಿಕ್ಕನ್ನು ಮಾರಲು ಒಬ್ಬ ಬ್ರೋಕರನ್ನು ಹಿಡಿದಿದ್ದೇನೆ. ಒಬ್ಬಳ ಕೈಲಿ ಆಗುತ್ತಿಲ್ಲ. ಅವನದು ನುಣುಪು ಮಾತು, ಆದರೆ ಕೊಳ್ಳುವವರ ಹೆಸರು ಕೇಳಿದರೆ ಬಾಯಿಗೆ ಬೀಗ. ಮೊದಲಿನಿಂದಲೂ ನನಗೆ ಅವನ ಮೇಲೆ ಗುಮಾನಿ.

ಇವತ್ತು ಬಂದು, ಪಾರ್ಟಿ ಎಲ್ಲಕ್ಕೂ ಒಪ್ಪಿದ್ದಾರೆ ಎಂದ. "ಒಂದೇ ಷರತ್ತು ಮೇಡಂ. ಆ ಒಕ್ಕಣ್ಣಿ ಬೆಕ್ಕು ಇಲ್ಲೇ ಇರಬೇಕಂತೆ."

ಬೆಕ್ಕೆಂದರೆ ಸೀನುವ ಈ ಮನುಷ್ಯ ಮುಂದಿನ ಕೋಣೆ ದಾಟಿದವನಲ್ಲ. ನಮ್ಮ ಒಕ್ಕಣ್ಣಿಯೋ, ನೀನು ಹೋದಮೇಲೆ ಆಪರೇಷನ್ ಕೋಣೆಯ ಕಪಾಟಿನ ಮೇಲಿಂದ ಇಳಿಯುವುದೇ ಅಪರೂಪ. ಅವಳ ಕಣ್ಣಿಗೆ ಹೊಲಿಗೆ ಹಾಕಿದವಳು ನೀನು.

"ಬೆಕ್ಕಿನ ವಿಷಯ ನಿಮ್ಮ ಪಾರ್ಟಿಗೆ ಯಾರು ಹೇಳಿದ್ದು?"

"ನನಗೇನು ಗೊತ್ತು ಮೇಡಂ?"

"ಹೆಂಗಸಾ ಅವರು?"

ಅವನು ಮೂಗು ಒರೆಸಿಕೊಂಡ.

"ಬೆಕ್ಕು ಮಾರಾಟಕ್ಕಿಲ್ಲ. ಬೇಕಿದ್ರೆ ಅವರೇ ಬಂದು ನನ್ನ ಕೇಳಲಿ."

ಚೌಕಾಸಿ ಅಂದುಕೊಂಡು ನಕ್ಕ. ಫೋನ್ ಹಿಡಿದು ಬೀದಿಗಿಳಿದ. ಗಾಜಿನ ಬಾಗಿಲ ಹಿಂದೆ ನಿಂತು ಕಿವಿಗೊಟ್ಟೆ. ಅವನ "ಹೂಂ, ಹೂಂ" ಬಿಟ್ಟರೆ ಏನೂ ಕೇಳಿಸಲಿಲ್ಲ. ಯಾಕೋ ಕೂದಲು ಸರಿಮಾಡಿಕೊಂಡೆ.

ಒಳಬಂದವನ ಮುಖ ಪೆಚ್ಚಾಗಿತ್ತು. "ಬರಲ್ಲ ಅಂದ್ರು. ವ್ಯವಹಾರನೇ ಬೇಡವಂತೆ. ಹೋಗ್ಲಿ ಬಿಡಿ, ಇನ್ನೊಬ್ಬರನ್ನ ಕರ್ಕೊಂಡು ಬರ್ತೀನಿ."

ಹೊರಟವನು ಬಾಗಿಲಲ್ಲಿ ತಿರುಗಿದ.

"ಇನ್ನೊಂದು ಮಾತು ಮೇಡಂ. ಡಾಕ್ಟರಮ್ಮ ಹೊತ್ತಿಗೆ ಸರಿಯಾಗಿ ಊಟ ಮಾಡ್ತಾರಾ ಅಂತ ಕೇಳಿದ್ರು. ಏನು ಹೇಳ್ಲಿ?"

ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ.

"ಮಾಡ್ತಾರೆ ಅನ್ನಿ" ಎಂದೆ.