ಒಂದೇ ನಂಬರಿನ ಒಂಬತ್ತು ಮಂದಿ

ನವೆಂಬರ್ 4, ಮಂಗಳವಾರ

ಮತ್ತೆ ಕೆಂಪು ಗೆರೆ. ಕಾಫಿ ಬೆಳೆಗಾರರ ಸಂಘಕ್ಕೆ ಈ ಹೊಸ ಸಾಫ್ಟ್‌ವೇರ್ ಬಂದಮೇಲೆ ನನ್ನ ಕೆಲಸ ಇಷ್ಟೇ — ಸದಸ್ಯರ ಹೆಸರು ತುಂಬುವುದು, ಅದರಿಂದ ಬೈಸಿಕೊಳ್ಳುವುದು. ಹೆಸರು ಸರಿ, ತೋಟ ಸರಿ, ಊರು ಸರಿ. ಆದರೂ 'ಡೂಪ್ಲಿಕೇಟ್' ಅನ್ನುತ್ತದೆ. ಮಧ್ಯಾಹ್ನ ಗೊತ್ತಾಯಿತು. ಒಂದೇ ಮೊಬೈಲ್ ನಂಬರಿಗೆ ಒಂಬತ್ತು ಮಂದಿ! ಎಲ್ಲರೂ ವಸ್ತಾರೆ ಆಚೆಯ ಗುಡ್ಡದ ಸಣ್ಣ ಬೆಳೆಗಾರರು.

ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಬಸವಪ್ರಸಾದ್. ಗುಡ್ಡದ ಬುಡದ ದೊಡ್ಡ ಎಸ್ಟೇಟಿನಲ್ಲಿ ಆಳು-ಲೆಕ್ಕ ಬರೆಯುವ ರೈಟರ್. ನಮ್ಮ ಸಂಘದ ಸದಸ್ಯರೂ ಅಲ್ಲ.

"ಅವ್ರೆಲ್ಲ ನಂದೇ ಕೊಟ್ಟಿರೋದು ಮೇಡಂ. ಗುಡ್ಡದಲ್ಲಿ ಯಾರ ಮನೇಲೂ ರೇಂಜ್ ಇಲ್ವಲ್ಲ" ಅಂದರು, ಇದರಲ್ಲೇನು ಕೇಳುವುದಿದೆ ಅನ್ನುವ ಹಾಗೆ.

ಇಷ್ಟು ವರ್ಷ ಯಾರಿಗೂ ಇದು ತಪ್ಪು ಅನ್ನಿಸಲಿಲ್ಲವೇ? ಅವ್ಯವಸ್ಥೆ ಕಂಡರೆ ನನಗೆ ಮೈ ಉರಿಯುತ್ತದೆ.

ನವೆಂಬರ್ 5

ಸಾಫ್ಟ್‌ವೇರ್ ಕಂಪನಿಯ ದರ್ಶನ್‌ಗೆ ಫೋನ್ ಮಾಡಿದೆ. "ಸಿಂಪಲ್ ಮೇಡಂ, ಮರ್ಜ್ ಕೊಡಿ" ಅಂದ. ಕೊಟ್ಟೆ. ಒಂಬತ್ತು ಮಂದಿ ಹೋಗಿ ಒಬ್ಬರೇ ಉಳಿದರು — ಕಲ್ಲಮ್ಮ. ಒಂಬತ್ತು ತೋಟವೂ ಈಗ ಅವರದ್ದೇ. ವಾಪಸ್ ತರುವುದು ಹೇಗೆ ಅಂದರೆ, "ವಾಪಸ್ ಬರಲ್ಲ ಮೇಡಂ, ಹೊಸದಾಗಿ ಎಂಟ್ರಿ ಮಾಡ್ಬೇಕು." ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಕಟ್ಟಿದವಳು ನಾನು, ಅದು ಬೇರೆ ಮಾತು.

ಅಧ್ಯಕ್ಷರು ಚಂದ್ರಶೇಖರಪ್ಪನವರು ಬಗ್ಗಿ ನೋಡಿದರು. "ಏನಮ್ಮಾ ದಿವ್ಯಾ, ಗಂಡಸ್ರನ್ನೆಲ್ಲ ಎಲ್ಲಿಗೆ ಕಳಿಸ್ಬಿಟ್ಟೆ?" ನಕ್ಕರು. ಆಮೇಲೆ ನಗಲಿಲ್ಲ. "ನೋಡಮ್ಮ, ಆನೆ ಮೆಸೇಜ್ ಇನ್ಮೇಲೆ ಇದ್ರಿಂದ್ಲೇ ಹೋಗೋದು. ಒಬ್ರೂ ಬಿಟ್ಟು ಹೋಗ್ಬಾರ್ದು."

ಇಷ್ಟು ದಿನ ಆನೆ ಇಳಿದರೆ ಅವರೇ ತಮ್ಮ ಫೋನಿನಿಂದ ಎಲ್ಲರಿಗೂ ಮೆಸೇಜ್ ಹಾಕುತ್ತಿದ್ದರು. ಹೋದ ವರ್ಷ ಹಣ್ಣು ಕೊಯ್ಯಲು ಹೊರಟ ಒಬ್ಬರು ಆನೆಗೆ ಎದುರಾಗಿ ತೀರಿಕೊಂಡರು. ಯಾರಿಗೆ ಮೆಸೇಜ್ ತಲುಪಿತು, ಯಾರಿಗಿಲ್ಲ ಅಂತ ಗೊತ್ತಾಗಲಿ ಅಂತಲೇ ಈ ಸಾಫ್ಟ್‌ವೇರ್.

ನವೆಂಬರ್ 14

ಜೀಪ್ ಹತ್ತಿ ಗುಡ್ಡಕ್ಕೆ ಹೋದೆ. ಮನೆ ಮನೆಗೆ. ಎಲ್ಲರ ಹತ್ತಿರವೂ ಫೋನ್ ಇದೆ! ಮತ್ತೆ ರೈಟರ್ ನಂಬರ್ ಯಾಕೆ? ಈ ಜನ ನನಗೆ ಅರ್ಥವೇ ಆಗುವುದಿಲ್ಲ.

ಕಲ್ಲಮ್ಮನವರದ್ದು ಕೊನೆಯ ಮನೆ. ಎರಡು ಎಕರೆ ತೋಟ, ಒಬ್ಬರೇ ನೋಡಿಕೊಳ್ಳುತ್ತಾರೆ. ಬೆಲ್ಲದ ಕಾಫಿ ಕೊಟ್ಟರು. ಫೋನನ್ನು ಅಕ್ಕಿ ಡಬ್ಬಿಯ ಮೇಲಿಂದ ತಂದರು.

"ಇದಕ್ಕೆ ಜೀವ ಬರೋದು ಮೇಲೆ ತಿರುವಿನ ಬಂಡೆ ಹತ್ರ ಮಾತ್ರ ಕಣವ್ವ. ರೈಟ್ರ ನಂಬರೇ ಇರ್ಲಿ ಬಿಡು."

"ಹಾಗೆಲ್ಲ ಆಗಲ್ಲ ದೊಡ್ಡಮ್ಮ. ನಿಮ್ಮ ಹೆಸರಿಗೆ ನಿಮ್ಮದೇ ನಂಬರ್ ಇರ್ಬೇಕು. ದಿನಾ ಸಂಜೆ ಒಂದ್ಸಲ ಬಂಡೆ ಹತ್ರ ಹೋಗಿ ನೋಡ್ಕೊಂಡು ಬನ್ನಿ."

"ನನ್ನ ಹೆಸ್ರಿಗೇ ಬರುತ್ತಾ, ಸಂಘದಿಂದ?" ಮುಖ ಅರಳಿತು. ಮದುವೆಯ ಕರೆಯೋಲೆಯೂ ಅವರ ಹೆಸರಿಗೆ ಬಂದದ್ದಿಲ್ಲವಂತೆ. ಖುಷಿಯಾಯಿತು ನನಗೆ. ನಿಜವಾಗಿಯೂ.

ನವೆಂಬರ್ 15

ಒಂಬತ್ತು ಮಂದಿ, ಒಂಬತ್ತು ನಂಬರ್. ಎಲ್ಲ ಹಸಿರು. ರೈಟರ್ ನಂಬರ್ ತೆಗೆದುಹಾಕಿದೆ. ಸದಸ್ಯರಲ್ಲದವರಿಗೆ ಹೇಳುವುದೇನು, ಹೇಳಲಿಲ್ಲ. ಅಧ್ಯಕ್ಷರು ಬೆನ್ನು ತಟ್ಟಿದರು. ದರ್ಶನ್ ಕೂಡ "ನಿಮ್ಮಷ್ಟು ಕ್ಲೀನ್ ಡೇಟಾ ಯಾವ ಸಂಘದಲ್ಲೂ ಇಲ್ಲ ಮೇಡಂ" ಅಂದ. ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ.

ಡಿಸೆಂಬರ್ 3, ಸಂಜೆ 5.40

ಆನೆ ಕಾವಲಿನವರ ಫೋನ್. ಎರಡು ಆನೆ ವಸ್ತಾರೆ ಗುಡ್ಡಕ್ಕೆ ಇಳಿದಿವೆ, ಮೇಲಿನ ತಿರುವಿನ ಕಡೆ. ಮೆಸೇಜ್ ಕಳಿಸಿದೆ. ಸಾಫ್ಟ್‌ವೇರ್ ಬಂದಮೇಲೆ ಮೊದಲ ಸಲ. ಪಟಪಟ ಅಂತ ಹಸಿರು ಟಿಕ್. ಒಂಬತ್ತು ಬಿಟ್ಟು. ಆ ಒಂಬತ್ತೇ. 'ಪೆಂಡಿಂಗ್'.

ಯಾಕೆ? ನಂಬರ್ ಎಲ್ಲ ಸರಿ ಇದೆ. ಎರಡೆರಡು ಸಲ ನೋಡಿದೆ. ದರ್ಶನ್ — "ಫೋನ್ ಆಫ್ ಇರ್ಬೇಕು ಮೇಡಂ. ಡೇಟಾ ಕರೆಕ್ಟ್ ಇದೆ." ಕರೆಕ್ಟ್ ಇದ್ದರೆ ಹೋಗಬೇಕಲ್ಲ! ಮನೆಯಲ್ಲಿ ರೇಂಜ್ ಇಲ್ಲ ಅಂತ ರೈಟರೂ ಕಲ್ಲಮ್ಮನವರೂ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೇನು?

5.55

ಬಸವಪ್ರಸಾದ್‌ಗೆ ಫೋನ್ ಮಾಡಿದೆ.

"ಆನೆಯಾ? ಮೆಸೇಜೇ ಬರ್ಲಿಲ್ವಲ್ಲ ಮೇಡಂ! ಬಂದಿದ್ರೆ ಅವಾಗ್ಲೇ ಎಸ್ಟೇಟ್ ಗಂಟೆ ಹೊಡಿಸ್ತಿದ್ದೆ. ಹೊತ್ತಲ್ಲದ ಹೊತ್ತಲ್ಲಿ ಗಂಟೆ ಕೇಳಿದ್ರೆ ಗುಡ್ಡದೋರು ಹೊರಗೆ ಬರಲ್ಲ, ಬಾಗ್ಲು ಹಾಕ್ಕೊಳ್ತಾರೆ. ಅದಕ್ಕೇ ಅಲ್ವಾ ಎಲ್ರೂ ನನ್ನ ನಂಬರ್ ಕೊಟ್ಟಿರೋದು? ಈ ಸಲ ಮೆಸೇಜ್ ಇಲ್ಲ, ಆನೆ ಇಲ್ಲ ಅಂತ ನಾವು..."

ಅದು ತಪ್ಪಲ್ಲ. ಅದೇ ಅವರ ವ್ಯವಸ್ಥೆ. ನಾನು ಹೋಗಿ ಸರಿಮಾಡಿ ಬಂದೆ.

ಗಂಟೆ ಹೊಡಿಸಿ ಅಂದೆ, ಕಿರುಚಿದೆ. ಆಗಲೇ ಯಾರನ್ನೋ ಓಡಿಸಿದ್ದರು. ಆಮೇಲೆ ಮೆಲ್ಲಗೆ ಹೇಳಿದರು — "ಕಲ್ಲಮ್ಮ ಮಾತ್ರ ಈಗಷ್ಟೇ ಬಂಡೆ ಕಡೆ ಹತ್ತಿ ಹೋಗೋದು ಇಲ್ಲಿಂದ್ಲೇ ಕಾಣಿಸ್ತು ಮೇಡಂ. ದಿನಾ ಹೋಗ್ತಾರೆ. ಸಂಘದಿಂದ ಮೆಸೇಜ್ ಬಂದಿದ್ಯಾ ನೋಡ್ಬೇಕು ಅಂತ. ಕರ್ಕೊಂಡ್ ಬರೋಕೆ ಜನ ಕಳಿಸ್ತೀನಿ."

6.05

ಕಲ್ಲಮ್ಮನವರ ಫೋನ್ 'ವ್ಯಾಪ್ತಿ ಪ್ರದೇಶದ ಹೊರಗಿದೆ'. ಮತ್ತೆ ಮಾಡಿದೆ. ಹೊರಗಿದೆ. ಹೊರಗೇ ಇರಲಿ. ದೇವರೇ, ಹತ್ತುವುದು ಬೇಡ, ಗಂಟೆ ಕೇಳಿ ತಿರುಗಿ ಬರಲಿ. ಅಧ್ಯಕ್ಷರು ಅರಣ್ಯ ಇಲಾಖೆಯವರ ಜೊತೆ ಹೊರಟರು. ನನಗೆ ಇಲ್ಲೇ ಕೂತು ಫೋನ್ ಮಾಡುತ್ತಿರು ಅಂದರು. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

6.14

ಎಂಟು ಪೆಂಡಿಂಗ್. ಕಲ್ಲಮ್ಮನವರ ಹೆಸರಿನ ಮುಂದೆ ಹಸಿರು ಟಿಕ್. ತಲುಪಿದೆ.

ಅಂದರೆ ಬಂಡೆ ಹತ್ತಿರ ಇದ್ದಾರೆ.

ಈಗ ರಿಂಗ್ ಆಗುತ್ತಿದೆ. ಸ್ಪೀಕರಿಗೆ ಹಾಕಿದ್ದೇನೆ. ಎತ್ತುತ್ತಿಲ್ಲ. ಎತ್ತಿ ದೊಡ್ಡಮ್ಮ. ರಿಂಗ್ ಆಗುತ್ತಲೇ